ಕಪಾಟು ಕೊಳ್ಳುವ ಮುನ್ನ ಅದರ ಕಾಲು ನೋಡಿ, ಬೆನ್ನು ನೋಡಿ

ಹಾಲ್‌ಗೆ ಒಂದು ಸೈಡ್‌ಬೋರ್ಡ್ (ಗೋಡೆಗೊರಗಿ ನಿಲ್ಲುವ ತಗ್ಗು ಕಪಾಟು), ಮಲಗುವ ಕೋಣೆಗೆ ಒಂದು ಕಪಾಟು ಬೇಕೆಂದು ಹೊರಟವರು ಅಂಗಡಿಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ. ಬಾಗಿಲಿನ ಹೊಳಪಿನ ಮೇಲೆ ಕೈಯಾಡಿಸುತ್ತಾರೆ, ಹಿಡಿಕೆ ಎಳೆದು ನೋಡುತ್ತಾರೆ, ಬಣ್ಣ ಸೋಫಾಕ್ಕೆ ಹೊಂದುತ್ತದೆಯೇ ಎಂದು ಮೊಬೈಲಿನಲ್ಲಿರುವ ಫೋಟೊ ತೆಗೆದು ಹೋಲಿಸುತ್ತಾರೆ, ಚೌಕಾಸಿ ಮಾಡಿ ಮುಂಗಡ ಕೊಟ್ಟು ಬರುತ್ತಾರೆ. ಬಗ್ಗಿ ತಳ ನೋಡುವವರು, ಹಿಂದಕ್ಕೆ ಹೋಗಿ ಬೆನ್ನು ತಟ್ಟಿ ನೋಡುವವರು ತೀರಾ ಅಪರೂಪ. ಕಪಾಟು ಕೆಡುವುದು ಮಾತ್ರ ಮುಖದಿಂದಲ್ಲ. ಕಾಲಿನಿಂದ ಊದಿಕೊಳ್ಳುತ್ತದೆ, ಬೆನ್ನಿನಿಂದ ಬೂಷ್ಟು ಹಿಡಿಯುತ್ತದೆ, ಅಂಚಿನಿಂದ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಬಣ್ಣ, ವಿನ್ಯಾಸಗಳಿಗೆ ಜಾಗ ಕಡಿಮೆ. ತೇವಕ್ಕೆ ಜಾಗ ಹೆಚ್ಚು.

ಮೊದಲ ಹೆಜ್ಜೆ: ಸಾಮಾನು ಅಳೆಯಿರಿ

ಕಪಾಟಿನೊಳಗೆ ಏನೇನು ಹೋಗಬೇಕೋ ಅದನ್ನೆಲ್ಲ ಒಂದು ಭಾನುವಾರ ನೆಲದ ಮೇಲೆ ಹರಡಿ ಟೇಪು ಹಿಡಿದು ಅಳೆಯಿರಿ. ನಮ್ಮ ಮನೆಯ ಸಾಮಾನು ಕ್ಯಾಟಲಾಗಿನ ಸಾಮಾನಲ್ಲ. ಅಲ್ಲಿ ಎರಡು ಹೂದಾನಿ, ನಾಲ್ಕು ಗಾಜಿನ ಲೋಟ ಇರುತ್ತವೆ. ಇಲ್ಲಿ ಇಡ್ಲಿ ಪಾತ್ರೆ, ಹಬ್ಬಕ್ಕೆ ಮಾತ್ರ ಹೊರಬರುವ ಹಿತ್ತಾಳೆಯ ದೀಪಗಳು, ದಸರಾ ಗೊಂಬೆಗಳ ರಟ್ಟಿನ ಪೆಟ್ಟಿಗೆ, ಯಾರದೋ ಗೃಹಪ್ರವೇಶಕ್ಕೆ ಕೊಡೋಣವೆಂದು ಎತ್ತಿಟ್ಟ ಡಿನ್ನರ್ ಸೆಟ್ ಇರುತ್ತವೆ.

ಎಡವುವುದು ಆಳದಲ್ಲಿ. ಊಟದ ಸ್ಟೀಲ್ ತಟ್ಟೆ 11ರಿಂದ 12 ಇಂಚು ಅಗಲವಿರುತ್ತದೆ. ಹೊರಗಿನಿಂದ 12 ಇಂಚು ಆಳವಿರುವ ತೆಳ್ಳನೆಯ ಸೈಡ್‌ಬೋರ್ಡಿನಲ್ಲಿ ಬಾಗಿಲಿನ ದಪ್ಪ, ಬೆನ್ನಿನ ದಪ್ಪ ಕಳೆದರೆ ಒಳಗೆ ಉಳಿಯುವುದು ಸುಮಾರು 11 ಇಂಚು. ತಟ್ಟೆ ಇಟ್ಟರೆ ಬಾಗಿಲು ಮುಚ್ಚುವುದಿಲ್ಲ. ಊಟದ ಜಾಗದ ಸೈಡ್‌ಬೋರ್ಡಿಗೆ ಹೊರ ಆಳ 16ರಿಂದ 18 ಇಂಚು ಇರಲಿ. ಬಟ್ಟೆ ತೂಗುಹಾಕುವ ಕಪಾಟಿಗೆ 22ರಿಂದ 24 ಇಂಚು ಬೇಕೇ ಬೇಕು. ಹ್ಯಾಂಗರೇ 17 ಇಂಚಿನಷ್ಟು ಇರುತ್ತದೆ, ಅದರಾಚೆಗೆ ಕೋಟಿನ ತೋಳು ಬೇರೆ. ಪುಸ್ತಕಕ್ಕೆ 10ರಿಂದ 12 ಇಂಚು ಸಾಕು. ಅದಕ್ಕಿಂತ ಆಳ ಮಾಡಿಸಿದರೆ ಎರಡು ಸಾಲು ಇಡುವ ಆಸೆ ಬರುತ್ತದೆ, ಹಿಂದಿನ ಸಾಲಿನ ಪುಸ್ತಕ ಮತ್ತೆ ಕೈಗೆ ಬರುವುದಿಲ್ಲ. ಸೈಡ್‌ಬೋರ್ಡಿನ ಎತ್ತರ 30ರಿಂದ 34 ಇಂಚು. ಊಟದ ದಿನ ಅದರ ಮೇಲೆ ಅನ್ನದ ಪಾತ್ರೆ ಇಟ್ಟು ಬಡಿಸಲು ಅದು ಸರಿಯಾದ ಎತ್ತರ.

ಎರಡನೆಯ ಹೆಜ್ಜೆ: ಗೋಡೆಯನ್ನು ಪರೀಕ್ಷಿಸಿ

ಹೆಚ್ಚಿನವರು ಇದನ್ನು ಪೂರ್ತಿ ಬಿಟ್ಟುಬಿಡುತ್ತಾರೆ, ಹಣ ಹಾಳಾಗುವುದೂ ಇಲ್ಲಿಯೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಪಾಟು ಎಲ್ಲಿ ನಿಲ್ಲಬೇಕು ಎಂಬುದನ್ನು ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ವಾಸ್ತು ತೀರ್ಮಾನಿಸುತ್ತದೆ. ಭಾರದ ಬೀರು ನೈಋತ್ಯ ಮೂಲೆಯಲ್ಲಿರಬೇಕು, ಬಾಗಿಲು ಉತ್ತರಕ್ಕೆ ತೆರೆಯಬೇಕು ಎನ್ನುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಂಗಳೂರಿನಿಂದ ಕಾರವಾರದವರೆಗೆ, ಘಟ್ಟದ ಮೇಲೆ ತೀರ್ಥಹಳ್ಳಿ, ಸಾಗರ, ಮಡಿಕೇರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಬಂದು ಬಡಿಯುವುದೂ ಅದೇ ದಿಕ್ಕಿನಿಂದ. ಹೊರಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ನೈಋತ್ಯದ ಗೋಡೆ ಮೂರು ತಿಂಗಳು ಒಣಗುವುದೇ ಇಲ್ಲ. ಮನೆಯ ಅತ್ಯಂತ ಒದ್ದೆ ಗೋಡೆಗೆ ಮನೆಯ ಅತ್ಯಂತ ಬೆಲೆಬಾಳುವ ರೇಷ್ಮೆ ಸೀರೆಗಳನ್ನು ಒರಗಿಸಿ, ಎಂಟು ಅಡಿ ಎತ್ತರದ ಹಲಗೆಯಿಂದ ಗಾಳಿಯಾಡದಂತೆ ಮುಚ್ಚಿದ ಹಾಗಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದೇ ಕೆಲಸವನ್ನು ಸ್ನಾನದ ಮನೆಯ ಗೋಡೆ ಮಾಡುತ್ತದೆ. ಕಪಾಟಿನ ಬೆನ್ನ ಹಿಂದೆ ಷವರ್ ಇದೆಯೇ, ಮೇಲಿನ ಮನೆಯ ಪೈಪು ಹಾದುಹೋಗಿದೆಯೇ ಎಂಬುದನ್ನು ನೀಲನಕ್ಷೆ ನೋಡಿಯಾದರೂ ತಿಳಿದುಕೊಳ್ಳಿ.

ಪರೀಕ್ಷೆ ಸುಲಭ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಕಪಾಟು ನಿಲ್ಲುವ ಜಾಗದಲ್ಲಿ, ನೆಲದಿಂದ ಒಂದು ಅಡಿ ಮೇಲೆ ಒಂದು, ಎದೆಯೆತ್ತರಕ್ಕೆ ಇನ್ನೊಂದು ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಅಗಲವಾದ ಟೇಪು ಅಂಟಿಸಿ. ಎಲ್ಲಿಯೂ ಸಂದು ಉಳಿಯಬಾರದು. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ ಹನಿಗಟ್ಟಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಹನಿಗಟ್ಟಿದ್ದರೆ ಗೋಡೆ ಒಣಗಿದೆ, ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಾಗಿದೆ. ಕೆಳಗಿನ ಹಾಳೆ ಮಾತ್ರ ಒದ್ದೆಯಾಗಿ ಮೇಲಿನದು ಒಣಗಿದ್ದರೆ ನೆಲದಿಂದ ತೇವ ಏರುತ್ತಿರುವ ಸಾಧ್ಯತೆ ಹೆಚ್ಚು. ಹಳೆಯ ಮನೆಗಳ ನೆಲಮಹಡಿಯಲ್ಲಿ ಇದು ಸಾಮಾನ್ಯ. ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿ. ಮಾರ್ಚ್ ತಿಂಗಳಲ್ಲಿ ಎಲ್ಲ ಗೋಡೆಯೂ ಒಳ್ಳೆಯ ಗೋಡೆಯೇ.

ಗೋಡೆಯೊಳಗಿನ ನೀರಾದರೆ ಮೂಲ ಹುಡುಕಿ ಮುಚ್ಚಬೇಕು, ಇಲ್ಲವೇ ಕಪಾಟಿಗೆ ಬೇರೆ ಗೋಡೆ ನೋಡಬೇಕು. ಮೂರನೆಯ ದಾರಿ ಇಲ್ಲ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯುತ್ತೇವೆ ಎಂದು ಹೇಳುವವರ ಮಾತು ಕೇಳಬೇಡಿ. ನೀರು ಹೊರಗಿನಿಂದ ಬರುತ್ತಿರುವಾಗ ಒಳಗೆ ತಡೆ ಹಾಕಿದರೆ ಅದು ಬಣ್ಣದ ಹಿಂದೆ ನಿಂತು, ಬಣ್ಣವನ್ನೇ ಗುಳ್ಳೆಯೆಬ್ಬಿಸಿ ಚಕ್ಕೆಯಾಗಿ ಉದುರಿಸುತ್ತದೆ. ಕೆಲಸ ಆಗಬೇಕಾದದ್ದು ಹೊರಗೋಡೆಯಲ್ಲಿ.

ಗಾಳಿಯ ತೇವವಾದರೆ ಕಪಾಟಿಗೆ ಉಸಿರಾಡಲು ಜಾಗ ಕೊಡಬೇಕು. ಬೆನ್ನಿಗೂ ಗೋಡೆಗೂ ನಡುವೆ ಕನಿಷ್ಠ ಒಂದು ಇಂಚು ಸಂದು ಬಿಡಿ. ಗೋಡೆಯಿಂದ ಗೋಡೆಗೆ, ನೆಲದಿಂದ ಛಾವಣಿಗೆ ಮುಚ್ಚಿಬಿಡುವ ಕಪಾಟು ಫೋಟೊದಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ, ಕರಾವಳಿಯ ಮನೆಗೆ ಅದು ಹೇಳಿ ಮಾಡಿಸಿದ್ದಲ್ಲ. ಮಲೆನಾಡಿನ ಕೆಲವು ಮನೆಗಳಲ್ಲಿ ಮಳೆಗಾಲ ಪೂರ್ತಿ ಕಪಾಟಿನೊಳಗೆ ಬಲ್ಬ್ ಉರಿಸಿಡುವ ರೂಢಿಯಿದೆ. ಬೂಷ್ಟು ತಡೆಯುವುದೇನೋ ನಿಜ, ಆದರೆ ಬಟ್ಟೆಗೂ ಬಿಸಿ ಬಲ್ಬಿಗೂ ನಡುವೆ ಅಂಗೈಯಗಲದ ಅಂತರವನ್ನು ನಂಬಿ ಮನೆ ಬಿಟ್ಟು ಹೋಗುವ ಧೈರ್ಯ ನನಗಿಲ್ಲ.

ಗೋಡೆಯೊಳಗೆ ಕೂರುವ ಕಪಾಟು ಮಾಡಿಸುವವರಿಗೆ ಒಂದು ಮಾತು. ಬೆನ್ನಿಗೆ ಹಲಗೆ ಹಾಕದೆ ಗೋಡೆಯನ್ನೇ ಬೆನ್ನು ಮಾಡಿ ಮುಗಿಸುವುದು ಬಡಗಿಗಳ ಹಳೆಯ ಒಳದಾರಿ. ಖರ್ಚು ಉಳಿಯುತ್ತದೆ ಎಂದು ಮನೆಯವರೂ ಒಪ್ಪುತ್ತಾರೆ. ಹಾಗೆ ಮಾಡಿದರೆ ಗೋಡೆಯ ತೇವ ನೇರವಾಗಿ ಬಟ್ಟೆಗೆ, ಸುಣ್ಣದ ಪುಡಿ ಮಡಚಿಟ್ಟ ಪಂಚೆಗೆ. ಗೋಡೆಯ ಬಿರುಕಿನಿಂದ ಬರುವ ಗೆದ್ದಲಿಗೂ ದಾರಿ ಸಲೀಸು. ಬೆನ್ನಿಲ್ಲದ್ದು ಕಪಾಟಲ್ಲ, ಗೋಡೆಗೆ ಹಾಕಿದ ಬಾಗಿಲು. ಕನಿಷ್ಠ 6 ಮಿಲಿಮೀಟರ್ ಪ್ಲೈವುಡ್ ಬೆನ್ನು ಹಾಕಿಸಿ, ಗೋಡೆಗೆ ತಾಗುವ ಮೈಗೂ ಲ್ಯಾಮಿನೇಟೋ ಪ್ರೈಮರೋ ಬಿದ್ದಿರಲಿ.

ಗೆದ್ದಲಿನ ಮಾತು ಬಂತು. ಗೋಡೆಯ ಬುಡದಲ್ಲಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ನೆಲದಿಂದ ಬರುತ್ತದೆ, ಮೊದಲು ಮನೆಗೆ ಚಿಕಿತ್ಸೆ ಕೊಡಿಸಿ ಆಮೇಲೆ ಕಪಾಟು ತನ್ನಿ. ಹಳೆಯ ಪೀಠೋಪಕರಣದ ಕೆಳಗೆ ಟಾಲ್ಕಂ ಪೌಡರಿನಂಥ ನುಣುಪು ಪುಡಿ, ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದು ಮರ ಕೊರೆಯುವ ಹುಳು. ಅದು ಮರದ ಜೊತೆಗೇ ಮನೆಗೆ ಬಂದಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೂರನೆಯ ಹೆಜ್ಜೆ: ಹಲಗೆ ಯಾವುದೆಂದು ಅಂಚಿನಲ್ಲಿ ಓದಿ

ಆನ್‌ಲೈನ್ ಜಾಹೀರಾತಿನಲ್ಲಿ ‘ಇಂಜಿನಿಯರ್ಡ್ ವುಡ್’ ಎಂದು ಬರೆದಿದ್ದರೆ ಅದು ಬಹುತೇಕ ಪಾರ್ಟಿಕಲ್ ಬೋರ್ಡ್, ಇಲ್ಲವೇ ಎಂಡಿಎಫ್. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಹಾಲಿನಲ್ಲಿ ಅದ್ದಿದ ರಸ್ಕ್. ಊದಿದ್ದು ಒಣಗಿದ ಮೇಲೆ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಒಮ್ಮೆ ಸಡಿಲಾದ ತಿರುಪು ಮತ್ತೆ ಕಚ್ಚುವುದಿಲ್ಲ. ಎಂಡಿಎಫ್ ಮರದ ನಾರಿನಿಂದ ಮಾಡಿದ್ದು. ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ, ನೀರಿಗೆ ಅದೂ ಸೋಲುತ್ತದೆ. ಕಲಬುರಗಿ, ರಾಯಚೂರಿನಂಥ ಒಣ ಊರಿನ ಮಹಡಿಯ ಮನೆಯಲ್ಲಿ ಪುಸ್ತಕ, ಆಟಿಕೆ ಇಡಲು ಇವು ನಡೆದಾವು. ಉಡುಪಿಯ ನೆಲಮಹಡಿಗೆ ಬೇಡ.

ಪ್ಲೈವುಡ್ಡಿನಲ್ಲಿ ನೋಡಬೇಕಾದದ್ದು ಎರಡು ಸಂಖ್ಯೆ. ಐಎಸ್ ಎಂದರೆ ಭಾರತೀಯ ಮಾನಕ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲಿ ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಮತ್ತು ಬಿಡಬ್ಲ್ಯೂಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್) ಎಂಬ ಎರಡು ದರ್ಜೆಗಳು ಪರಿಚಿತ. ಅಂಗಡಿಯವರು ‘ಕಮರ್ಷಿಯಲ್’ ಎಂದು ಕೊಡುವುದು ಎಂಆರ್. ಗಾಳಿಯ ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಬಿಡಬ್ಲ್ಯೂಆರ್ ಕುದಿನೀರಿನ ಪರೀಕ್ಷೆ ದಾಟಿದ್ದು. ಐಎಸ್ 710 ಅದಕ್ಕೂ ಗಟ್ಟಿಯಾದ ಮೆರೈನ್ ಪ್ಲೈವುಡ್; ಅದರ ಅಂಟು 72 ಗಂಟೆ ಕುದಿನೀರಿನಲ್ಲಿ ತಡೆಯಬೇಕು. ನನ್ನ ಸಲಹೆ ಖಂಡಿತ: ಸೈಡ್‌ಬೋರ್ಡಿಗೆ, ಬಟ್ಟೆಯ ಕಪಾಟಿಗೆ ಬಿಡಬ್ಲ್ಯೂಆರ್ ಸಾಕು, ಅಡುಗೆಮನೆಯ ಸಿಂಕಿನ ಕೆಳಗೆ 710. ಇಡೀ ಮನೆಗೆ 710 ಹಾಕಿಸಿ ಎಂದು ಒತ್ತಾಯಿಸುವವರು ನಿಮ್ಮ ಕಪಾಟಿನ ಚಿಂತೆಗಿಂತ ತಮ್ಮ ಕಮಿಷನ್ನಿನ ಚಿಂತೆ ಮಾಡುತ್ತಿರುತ್ತಾರೆ.

‘ವಾಟರ್‌ಪ್ರೂಫ್’ ಎಂಬ ಸ್ಟಿಕ್ಕರಿಗೆ ಬೆಲೆಯಿಲ್ಲ. ಹಾಳೆಯ ಮೇಲೆ ಐಎಸ್‌ಐ ಗುರುತು, ಅದರ ಜೊತೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಅಚ್ಚಾಗಿರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ, ಇನ್ನೂ ಜಾರಿಯಲ್ಲಿದೆಯೇ ಎಂಬುದು ಅಂಗಡಿಯಲ್ಲೇ ತಿಳಿಯುತ್ತದೆ. ಆಮೇಲೆ ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರಗಳ ನಡುವೆ ಕಪ್ಪು ಸಂದುಗಳಿದ್ದರೆ ಒಳಗೆ ಟೊಳ್ಳು ಇದೆ. ತಿರುಪು ಅಲ್ಲಿಗೆ ಬಿದ್ದರೆ ಬಾಗಿಲು ಜೋತುಬೀಳುತ್ತದೆ. ಇನ್ನೂ ಅನುಮಾನವಿದ್ದರೆ ಕೈಯಗಲದ ತುಂಡು ಕೇಳಿ ತಂದು ಹಳೆಯ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿ. ಎಂಆರ್ ಅನ್ನು ಬಿಡಬ್ಲ್ಯೂಆರ್ ಎಂದು ಕೊಟ್ಟಿದ್ದರೆ ಪದರ ಬಿಟ್ಟುಕೊಳ್ಳುವ ಮೂಲಕ ಅದೇ ಒಪ್ಪಿಕೊಳ್ಳುತ್ತದೆ. ತುಂಡು ಕೊಡಲು ಒಪ್ಪದ ಅಂಗಡಿಯಲ್ಲಿ ನಾನು ಮುಂದಿನ ಮಾತು ಆಡುವುದಿಲ್ಲ.

ಬಡಗಿಯಿಂದ ಮಾಡಿಸುವಾಗ ಇನ್ನೊಂದು ಆಟ ನಡೆಯುತ್ತದೆ. ದರವನ್ನು ಮುಂಭಾಗದ ಚದರ ಅಡಿಗೆ ಇಷ್ಟು ಎಂದು ಹೇಳುತ್ತಾರೆ. ಬಾಗಿಲಿಗೆ ಒಳ್ಳೆಯ ಪ್ಲೈ, ಒಳಗಿನ ಡಬ್ಬಕ್ಕೆ ಕಮರ್ಷಿಯಲ್. ತೇವ ಕುಡಿಯುವುದು ಡಬ್ಬವೇ. ಹಲಗೆಯನ್ನು ನೀವೇ ನಿಮ್ಮ ಹೆಸರಿನ ಬಿಲ್ಲಿನಲ್ಲಿ ಕೊಂಡು, ಬಡಗಿಗೆ ಕೂಲಿ ಮಾತ್ರ ಕೊಡುವುದು ತಲೆನೋವಿನ ಕೆಲಸ, ಆದರೆ ಈ ಆಟವನ್ನು ತಪ್ಪಿಸುವ ದಾರಿ ಅದೊಂದೇ. 8 ಅಡಿ ಉದ್ದ 4 ಅಡಿ ಅಗಲದ ಹಾಳೆಗಳು ಎಷ್ಟು ಬೇಕೆಂದು ಮೊದಲೇ ಕಾಗದದ ಮೇಲೆ ಕತ್ತರಿಸಿ ಲೆಕ್ಕ ಹಾಕಿಸಿ.

ಬಾಗಿಲಿನ ಹೊರಗೆ 1 ಮಿಲಿಮೀಟರ್ ಲ್ಯಾಮಿನೇಟ್ ಹಾಕಿ, ಒಳಗೆ ಬಣ್ಣ ಬಳಿದುಕೊಡುತ್ತೇವೆ ಎಂದರೆ ಒಪ್ಪಬೇಡಿ. ಒಂದು ಮೈ ಮುಚ್ಚಿ ಇನ್ನೊಂದು ಮೈ ತೆರೆದಿದ್ದರೆ ತೇವ ಒಂದೇ ಕಡೆಯಿಂದ ಒಳಹೋಗಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಎರಡೂ ಮೈಗೆ ಲ್ಯಾಮಿನೇಟ್ ಬೇಕು. ಒಳಗಿನದು ತೆಳುವಾದರೂ ಸರಿ. ಆರು ಅಡಿಗಿಂತ ಎತ್ತರದ ಬಾಗಿಲಿಗೆ ಪ್ಲೈವುಡ್ಡಿಗಿಂತ 19 ಮಿಲಿಮೀಟರ್ ಬ್ಲಾಕ್‌ಬೋರ್ಡ್ (ನಡುವೆ ಮರದ ಪಟ್ಟಿಗಳನ್ನು ಜೋಡಿಸಿದ ಹಲಗೆ) ಒಳ್ಳೆಯದು, ಅಷ್ಟು ಬೇಗ ಬಾಗುವುದಿಲ್ಲ. ಹೊಳೆಯುವ ಅಕ್ರಿಲಿಕ್ ಮುಖದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದು ಬೆರಳಚ್ಚು ಸಂಗ್ರಹಿಸುವ ಯಂತ್ರ. ಮ್ಯಾಟ್ ಲ್ಯಾಮಿನೇಟ್ ತೆಗೆದುಕೊಳ್ಳಿ, ಹಬ್ಬದ ಹಿಂದಿನ ದಿನ ಒರೆಸುವ ಕೆಲಸವೊಂದು ತಪ್ಪುತ್ತದೆ.

ಗಟ್ಟಿ ಮರವೇ ಬೇಕೆನ್ನುವವರಿಗೆ ತೇಗವೋ ಹಲಸೋ. ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಹಲಸಿನ ಕಪಾಟುಗಳು ಇಂದಿಗೂ ಬಾಗಿಲು ಜಗ್ಗದೆ ನಿಂತಿವೆ. ಹಳೆಯ ಮರದ ಸಾಮಾನು ಸಿಕ್ಕರೆ ಹೊಸದನ್ನು ಬಿಟ್ಟು ಅದನ್ನೇ ಕೊಳ್ಳಿ. ಆ ಮರ ಆಗಲೇ ಒಣಗಿ, ಬಾಗಬೇಕಾದಷ್ಟು ಬಾಗಿ ಮುಗಿದಿರುತ್ತದೆ. ರಾಜಸ್ಥಾನದಿಂದ ಬರುವ ಶೀಶಮ್ ಸೈಡ್‌ಬೋರ್ಡುಗಳು ನೋಡಲು ಚೆಂದ, ಆದರೆ ಒಣನಾಡಿನಲ್ಲಿ ಹದವಾದ ಮರ ನಮ್ಮ ಜುಲೈ ತಿಂಗಳಲ್ಲಿ ತೇವ ಕುಡಿದು ಉಬ್ಬಿ ಡ್ರಾಯರ್ ಬಿಗಿಯಾಗುತ್ತದೆ. ಕೊಳ್ಳುವುದಾದರೆ ಬಿಳಿಚಿಕೊಂಡ ಪಟ್ಟಿಯಿಲ್ಲದ ಹಲಗೆ ನೋಡಿ. ಹುಳು ಮೊದಲು ಸೇರುವುದು ಆ ಬಿಳಿ ಭಾಗಕ್ಕೆ. ಪಿವಿಸಿ ಹಲಗೆಗೆ ನೀರಿನ, ಗೆದ್ದಲಿನ ಭಯವಿಲ್ಲ, ಆದರೆ ತಿರುಪು ಹಿಡಿಯುವ ಶಕ್ತಿಯೂ ಇಲ್ಲ, ಭಾರಕ್ಕೆ ಜೋಲುತ್ತದೆ. ಗೆದ್ದಲಿನ ಕಾಟ ನಿಲ್ಲದ ಮನೆಯಾದರೆ ಮುಜುಗರ ಬಿಟ್ಟು ಸ್ಟೀಲ್ ಬೀರು ತನ್ನಿ. ತಗಡಿನ ದಪ್ಪ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು.

ನಾಲ್ಕನೆಯ ಹೆಜ್ಜೆ: ಒಳಗಿನ ತಟ್ಟು, ತಿರುಪು, ಚಾನೆಲ್

ತಟ್ಟಿನ, ಅಂದರೆ ಸಾಮಾನಿಡುವ ಅಡ್ಡಹಲಗೆಯ, ಉದ್ದ ಹೆಚ್ಚಿದಂತೆ ಅದು ಜೋಲುವುದು ಊಹೆಗೂ ಮೀರಿ ಹೆಚ್ಚುತ್ತದೆ. ಉದ್ದಕ್ಕೂ ಒಂದೇ ಸಮ ಭಾರ ಜೋಡಿಸಿದಾಗ, ಆಧಾರಗಳ ನಡುವಿನ ಅಂತರ ಇಮ್ಮಡಿಯಾದರೆ ಜೋಲು 16 ಪಟ್ಟಾಗುತ್ತದೆ. ಹಲಗೆಯ ದಪ್ಪ ಇಮ್ಮಡಿಯಾದರೆ ಜೋಲು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 18 ಮಿಲಿಮೀಟರ್ ಪ್ಲೈವುಡ್ ತಟ್ಟು ಮೂರು ಅಡಿ ದಾಟಬಾರದು, ಪಾರ್ಟಿಕಲ್ ಬೋರ್ಡ್ ಎರಡು ಅಡಿ ದಾಟಬಾರದು. ಆರು ಅಡಿಯ ಸೈಡ್‌ಬೋರ್ಡಿಗೆ ನಡುವೆ ಒಂದು ಗೋಡೆಹಲಗೆಯೂ ಇಲ್ಲ ಎಂದರೆ ಅದರಲ್ಲಿ ಹಿತ್ತಾಳೆ ಪಾತ್ರೆ ಇಡುವ ಆಸೆ ಬಿಡಿ.

ಹಿಂಜ್ ಲೆಕ್ಕ: ಮೂರು ಅಡಿಯ ಬಾಗಿಲಿಗೆ ಎರಡು, ಐದು ಅಡಿಗೆ ಮೂರು, ಏಳು ಅಡಿಗೆ ನಾಲ್ಕು ಅಥವಾ ಐದು. ಡ್ರಾಯರಿಗೆ ಬಾಲ್ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನೆಲ್, ಅಂದರೆ ಒಂದರೊಳಗಿನಿಂದ ಒಂದು ಜಾರಿ ಹೊರಬರುವ ಹಳಿ. ಒತ್ತಿದರೆ ತೆರೆಯುವ, ಹಿಡಿಕೆಯಿಲ್ಲದ ಬಾಗಿಲು ಬೇಡ. ಸೊಂಟ ತಾಗಿದಾಗಲೆಲ್ಲ ತೆರೆದುಕೊಳ್ಳುತ್ತದೆ. ಜಾರುವ ಬಾಗಿಲು ಎಂದರೆ ಯಾವಾಗಲೂ ಅರ್ಧ ಮಾತ್ರ ತೆರೆಯುವ ಕಪಾಟು, ಜೊತೆಗೆ ಧೂಳು ತುಂಬುವ ಹಳಿ.

ಅಂಗಡಿಯಲ್ಲಿ ನಿಂತಿರುವ ಸಿದ್ಧ ಕಪಾಟಿನ ಮೇಲಿನ ಮೂಲೆಯನ್ನು ಒಂದು ಕೈಯಿಂದ ಪಕ್ಕಕ್ಕೆ ತಳ್ಳಿ. ಚೌಕ ಓರೆಯಾಗಿ, ಬಾಗಿಲುಗಳ ನಡುವಿನ ಸಂದು ಮೇಲೆ ಅಗಲ ಕೆಳಗೆ ಕಿರಿದಾದರೆ ಬೆನ್ನು 3 ಮಿಲಿಮೀಟರಿನ ರಟ್ಟಿನಂಥ ಹಲಗೆ ಎಂದು ತಿಳಿಯಿರಿ. ಮಾರಾಟಗಾರ ಏನೇ ಹೇಳಲಿ, ಮುಂದಿನದಕ್ಕೆ ನಡೆಯಿರಿ.

ಐದನೆಯ ಹೆಜ್ಜೆ: ಒಳಗೆ ಬರುವ ದಾರಿ

ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು ಅಳೆಯಿರಿ. ಇಷ್ಟು ಹೇಳಿದರೆ ಸಾಕಿತ್ತು, ಆದರೆ ಸಾಮಾನಿನ ಅಟ್ಟವನ್ನು ಎಲ್ಲರೂ ಮರೆಯುತ್ತಾರೆ. ಬಾಗಿಲ ಎತ್ತರಕ್ಕೆ, ಅಂದರೆ 7 ಅಡಿಗೆ ಕಾಂಕ್ರೀಟಿನ ಅಟ್ಟವಿರುವ ಕೋಣೆಗೆ 7 ಅಡಿಯ ಕಪಾಟು ತಂದರೆ, ಮಲಗಿಸಿ ತಂದದ್ದನ್ನು ಅಟ್ಟದ ಕೆಳಗೆ ಎತ್ತಿ ನಿಲ್ಲಿಸಲಾಗುವುದಿಲ್ಲ. 2 ಅಡಿ ಆಳದ ಕಪಾಟು ಏಳುವಾಗ ಮೂಲೆಯಿಂದ ಮೂಲೆಗೆ 7 ಅಡಿ 3 ಇಂಚಿಗಿಂತ ತುಸು ಹೆಚ್ಚು ಎತ್ತರ ಕೇಳುತ್ತದೆ. ಬಿಡಿಸಿ ತಂದು ಒಳಗೇ ಜೋಡಿಸುವ ಕಪಾಟಾದರೆ ಈ ತೊಂದರೆಯಿಲ್ಲ.

ಕೊನೆಯದು: ನಿಲ್ಲಿಸುವುದು, ಕಟ್ಟುವುದು, ಬಿಲ್ಲು

ನಮ್ಮ ಮನೆಗಳಲ್ಲಿ ನೆಲವನ್ನು ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಹಬ್ಬಕ್ಕೆ ನೀರು ಸುರಿದು ತೊಳೆಯುತ್ತೇವೆ. ನೆಲಕ್ಕೆ ತಳ ಊರಿ ಕೂರುವ ಪೆಟ್ಟಿಗೆಯಂಥ ಕಪಾಟು ಇಂಥ ಮನೆಗಾಗಿ ಮಾಡಿದ್ದಲ್ಲ. ಕನಿಷ್ಠ 4 ಇಂಚಿನ ಕಾಲು ಬೇಕು. ಕೆಳಗೆ ಪೊರಕೆ ಹೋಗಬೇಕು, ಗಾಳಿ ಆಡಬೇಕು. ಈಗಾಗಲೇ ನೆಲಕ್ಕೆ ಕೂತಿರುವ ಸೈಡ್‌ಬೋರ್ಡಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತಿರುಗಿಸಿ ಎತ್ತರ ಸರಿಮಾಡುವ ಪಿವಿಸಿ ಕಾಲುಗಳನ್ನು ಬಡಗಿಯಿಂದ ಹಾಕಿಸಬಹುದು. ತಳದ ಹಲಗೆಯ ಅಡಿಮೈಗೆ ಅಂಚುಪಟ್ಟಿ ಇದೆಯೇ ಎಂದು ಬೆರಳಾಡಿಸಿ ನೋಡಿ. ಕಾಣದ ಆ ಅಂಚನ್ನು ಹಾಗೇ ಬಿಟ್ಟಿರುತ್ತಾರೆ, ನೀರು ಹೋಗುವುದು ಅಲ್ಲಿಂದಲೇ.

ಎತ್ತರದ ಕಪಾಟನ್ನು, ಡ್ರಾಯರಿನ ಬೀರುವನ್ನು ಗೋಡೆಗೆ ಎಲ್ ಪಟ್ಟಿಯಿಂದ ಕಟ್ಟಿಸಿ. ಮಕ್ಕಳು ತೆರೆದ ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಬೀರು ಮುಂದಕ್ಕೆ ಮಗುಚುತ್ತದೆ. ಇಂಥ ಸಾವುಗಳ ನಂತರ ಐಕಿಯಾ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಬಾಡಿಗೆ ಮನೆಯ ಗೋಡೆಗೆ ಎರಡು ತೂತು ಬೀಳುತ್ತದೆಂದು ಇದನ್ನು ಬಿಡಬೇಡಿ. ಖಾಲಿ ಮಾಡುವಾಗ ಸ್ವಲ್ಪ ವಾಲ್‌ಪುಟ್ಟಿ ಮೆತ್ತಿದರೆ ಮುಗಿಯಿತು.

ಬಿಲ್ಲಿನಲ್ಲಿ ಬರೀ ‘ಮರದ ಕಪಾಟು’ ಎಂದು ಬರೆಸಿಕೊಂಡು ಬರಬೇಡಿ. ಡಬ್ಬ, ಬಾಗಿಲು, ಬೆನ್ನು ಮೂರಕ್ಕೂ ಹಲಗೆಯ ಬಗೆ, ಐಎಸ್ ಸಂಖ್ಯೆ, ದಪ್ಪ ಬೇರೆ ಬೇರೆಯಾಗಿ ನಮೂದಾಗಿರಲಿ. ಹತ್ತು ವರ್ಷದ ವಾರಂಟಿ ಎಂದು ದೊಡ್ಡದಾಗಿ ಬರೆದ ಕಾರ್ಡಿನ ಹಿಂಬದಿ ಓದಿ. ನೀರಿನಿಂದಾದ ಹಾನಿಗೆ ಅನ್ವಯಿಸುವುದಿಲ್ಲ ಎಂಬ ಸಾಲು ಅನೇಕ ಕಾರ್ಡುಗಳಲ್ಲಿ ಇರುತ್ತದೆ. ಆ ಸಾಲು ಇದ್ದರೆ ವಾರಂಟಿಯನ್ನು ಬೆಲೆಯ ಲೆಕ್ಕಕ್ಕೆ ಸೇರಿಸದೆ ಚೌಕಾಸಿಗೆ ಕೂರಿ.